ಯಾವ ದೇವರ ಹೆಸರಿಗೆ ಒಪ್ಪತ್ತು?

ನಮ್ಮೂರ ಕಡೆ ತೂಕ ಅಂದ್ರೆ ಕಾಫಿ ಹಣ್ಣಿನ ತೂಕ. ಕುಯ್ಲಿನ ಕಾಲದಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ತೋಟದೊಳಗಿನ ರಸ್ತೆ ಬದಿ ಒಂದು ಮರದ ಕೊಂಬೆಗೆ ಕೊಕ್ಕೆ ತಕ್ಕಡಿ ನೇತುಹಾಕ್ತಿದ್ರು. ಹೆಂಗಸರು ದಿನವಿಡೀ ಕುಯ್ದ ಹಣ್ಣನ್ನು ಚೀಲಕ್ಕೆ ತುಂಬಿ, ತಲೆ ಮೇಲೆ ಹೊತ್ತು ತಂದು ಸಾಲಾಗಿ ಇಡೋರು. ರೈಟರ್ ಒಂದೊಂದೇ ಚೀಲ ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ಅಲುಗಾಡೋದು ನಿಲ್ಲೋ ತನಕ ಕಾದು, ಪುಸ್ತಕದಲ್ಲಿ ಕೆ.ಜಿ. ಬರ್ಕೊಳ್ತಿದ್ರು. ದೇವರಮನೆ ಬೆಟ್ಟದ ಕೆಳಗೆ, ಗುತ್ತಿ ಕಡೆಯ ಹಳ್ಳಿ ನಮ್ಮದು. ಸ್ವಂತದ್ದು ಮೂರು ಎಕರೆ ತೋಟ. ಅದರ ಕುಯ್ಲು ಮುಗಿದ ಮೇಲೆ ಅವ್ವ ಪಕ್ಕದ ದೊಡ್ಡ ತೋಟಕ್ಕೂ ಹೋಗ್ತಿದ್ಲು. ಅವಳ ದಿನದ ಲೆಕ್ಕ ನೂರು ಕೆ.ಜಿ. ದಾಟಿದ ದಿನ ಮನೆಯಲ್ಲಿ ಎಲ್ಲರ ಮುಖವೂ ಸ್ವಲ್ಪ ಅಗಲ ಆಗ್ತಿತ್ತು. ಒಂದು ಸಂಜೆ ಸ್ಕೂಲಿಂದ ಬಂದು ಅಲ್ಲೇ ಸುಳಿದಾಡ್ತಿದ್ದ ನನ್ನನ್ನು ರೈಟರ್ ಹಿಡಿದು ಕೊಕ್ಕೆಗೆ ಜೋತುಬೀಳಿಸಿದ್ರು. 21 ಕೆ.ಜಿ. 'ಇದನ್ನೂ ನಿನ್ನ ಲೆಕ್ಕಕ್ಕೆ ಸೇರಿಸ್ಲೇನಮ್ಮ' ಅಂತ ಅವ್ವನ್ನ ಕೇಳಿದ್ರು. ಎಲ್ಲ ನಕ್ಕರು.

ನನ್ನ ತೂಕ ಯಾರಿಗಾದರೂ ಮುಖ್ಯ ಅನಿಸಿದ ಮುಂದಿನ ಸಲ ನನಗೆ 34 ವರ್ಷ. ಬೆಂಗಳೂರಿನ ಆಫೀಸಿನಲ್ಲಿ ಹೆಲ್ತ್ ಕ್ಯಾಂಪು. 94 ಕೆ.ಜಿ. ಎತ್ತರ ಐದು ಅಡಿ ಎಂಟು ಇಂಚಿಗಿಂತ ಚೂರು ಕಮ್ಮಿ. ಬಿಎಂಐ 31 ದಾಟಿದೆ, ಲಿವರ್ ಮೇಲೆ ಕೊಬ್ಬು, ಎಚ್‌ಬಿಎ1ಸಿ 6.1. ಅಂದ್ರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಒಂದು ಕಾಲು ಇಟ್ಟಾಗಿದೆ. ನಮ್ಮಪ್ಪ ಹತ್ತು ವರ್ಷ ಸಕ್ಕರೆ ಕಾಯಿಲೆಯಲ್ಲಿದ್ದು 58ಕ್ಕೆ ಹೃದಯಾಘಾತದಲ್ಲಿ ಹೋದವರು. ರಿಪೋರ್ಟ್ ಹಿಡ್ಕೊಂಡು ಪಾರ್ಕಿಂಗ್‌ನಲ್ಲಿ ಬೈಕ್ ಮೇಲೆ ಸುಮ್ಮನೆ ಕೂತೆ. 58ರಲ್ಲಿ 34 ಕಳೆದರೆ ಎಷ್ಟು ಅನ್ನೋ ಲೆಕ್ಕ ಮನಸ್ಸಿಗೆ ತಾನಾಗೇ ಬಂತು.

ಹೇಗೆ ಇಳಿಸಿದೆ ಅನ್ನೋದನ್ನ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅದರಲ್ಲಿ ಗುಟ್ಟೇನೂ ಇಲ್ಲ. ಮೊದಲ ಎರಡು ತಿಂಗಳು ಬರೀ ವಾಕಿಂಗ್ ಮಾಡಿ ನಂಬಿ ಕೆಟ್ಟೆ. ನನ್ನ ಗಾತ್ರದವನು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗೋದು ಮುನ್ನೂರು ಚಿಲ್ಲರೆ ಕ್ಯಾಲೊರಿ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ತಿನ್ನೋ ಒಂದು ಮಸಾಲೆ ದೋಸೆ ಅದನ್ನ ಐದು ನಿಮಿಷದಲ್ಲಿ ವಾಪಸ್ ಕೊಡುತ್ತೆ. ಒಂದು ಕೆ.ಜಿ. ಕೊಬ್ಬು ಅಂದ್ರೆ ಹೆಚ್ಚು ಕಡಿಮೆ 7,700 ಕ್ಯಾಲೊರಿ. ನಡೆದೇ ಕರಗಿಸ್ತೀನಿ ಅಂದ್ರೆ ಒಂದು ಕೆ.ಜಿ.ಗೆ ಇಪ್ಪತ್ತೈದು ದಿನ, ಅದೂ ದೋಸೆ ಇಲ್ಲದೆ. ಹರ್ಮನ್ ಪಾಂಟ್ಸರ್ ಅನ್ನೋ ವಿಜ್ಞಾನಿ ಟಾಂಜಾನಿಯಾದ ಹಡ್ಜಾ ಬೇಟೆಗಾರರನ್ನ ಅಳೆದು 2012ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ವಿಚಿತ್ರ. ದಿನಾ ಅಷ್ಟೆಲ್ಲ ಅಲೆದು, ಗೆಡ್ಡೆ ಅಗೆದು ಬದುಕೋ ಆ ಜನ ದಿನಕ್ಕೆ ಖರ್ಚು ಮಾಡೋ ಒಟ್ಟು ಶಕ್ತಿ, ದೇಹದ ಗಾತ್ರ ಹೊಂದಿಸಿ ನೋಡಿದ್ರೆ, ಕುರ್ಚಿ ಮೇಲೆ ಕೂರೋ ಅಮೆರಿಕನ್ನರಿಗಿಂತ ಹೆಚ್ಚೇನಿಲ್ಲ. ದೇಹ ಒಂದು ಕಡೆ ಖರ್ಚಾದ್ರೆ ಇನ್ನೊಂದು ಕಡೆ ಉಳಿಸಿಕೊಳ್ಳುತ್ತೆ. ವ್ಯಾಯಾಮ ಬೇಡ ಅಂತಲ್ಲ. ಸಕ್ಕರೆಗೆ, ಎದೆಗೆ, ನಿದ್ದೆಗೆ ಅದರಷ್ಟು ಒಳ್ಳೇದು ಇಲ್ಲ. ತೂಕ ಇಳಿಯೋದು ಮಾತ್ರ ಮುಖ್ಯವಾಗಿ ತಟ್ಟೆಯಲ್ಲಿ.

ಹಾಗಾಗಿ ತಟ್ಟೆಗೆ ಕೈ ಹಾಕಿದೆ. ಅನ್ನ ಅರ್ಧ, ಕಾಳು-ಮೊಟ್ಟೆ-ತರಕಾರಿ ಜಾಸ್ತಿ. ನಾಲ್ಕು ಗಂಟೆಯ ಟೀ ಜೊತೆಗಿನ ಬಿಸ್ಕತ್ತು ಬಂದ್. ಸಂಜೆ ಏಳೂವರೆಗೆ ಊಟ ಮುಗಿಸಿದ್ರೆ ಮಾರನೇ ದಿನ ಹನ್ನೊಂದೂವರೆ ತನಕ ನೀರು, ಸಕ್ಕರೆ ಇಲ್ಲದ ಕಾಫಿ ಬಿಟ್ಟು ಏನೂ ಇಲ್ಲ. ಹದಿನಾರು ಗಂಟೆ ಉಪವಾಸ, ಎಂಟು ಗಂಟೆ ಊಟದ ಕಿಟಕಿ. ವಾರಕ್ಕೆ ಮೂರು ದಿನ ಜಿಮ್ಮು. ಆ್ಯಪ್‌ನಲ್ಲಿ ದಿನಕ್ಕೆ 1,500 ಕ್ಯಾಲೊರಿ ಮಿತಿ. ಹನ್ನೊಂದು ತಿಂಗಳಲ್ಲಿ 94 ಇದ್ದದ್ದು 78 ಆಯ್ತು. ಎಚ್‌ಬಿಎ1ಸಿ 5.5.

ಇಲ್ಲಿಗೆ ನಿಲ್ಲಿಸಿದ್ರೆ ಇದೊಂದು ಯಶೋಗಾಥೆ. ಆಫೀಸಿನಲ್ಲಿ ಹಾಗೇ ಆಯ್ತು. ಹಳೇ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು ಗ್ರೂಪಲ್ಲಿ ಹಾಕಿದ್ರು. ಲಿಫ್ಟಲ್ಲಿ ಗುರುತಿಲ್ಲದವರೂ ಮಾತಾಡಿಸೋಕೆ ಶುರು ಮಾಡಿದ್ರು. ಹೊಗಳಿಕೆಯಲ್ಲಿ ಒಂದು ಪದ ಮತ್ತೆ ಮತ್ತೆ ಬರ್ತಿತ್ತು: ಡಿಸಿಪ್ಲಿನ್. 'ನಿನ್ನಷ್ಟು ಡಿಸಿಪ್ಲಿನ್ ನಮಗೆಲ್ಲಿ ಗುರು.' ಎಚ್‌ಆರ್‌ನವರು ಮಧ್ಯಾಹ್ನದ ಊಟದ ಹೊತ್ತಲ್ಲಿ ಅರ್ಧ ಗಂಟೆ ಮಾತಾಡಿ ಅಂದ್ರು. ಒಪ್ಕೊಂಡೆ. ಸ್ಲೈಡ್ ಮಾಡ್ದೆ. ಮೊದಲ ಸ್ಲೈಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಇಚ್ಛಾಶಕ್ತಿ' ಅಂತ ಬರೆದೆ. ಆ ಭಾಷಣಕ್ಕೆ ಮುಂಚೆ ನಾಲ್ಕು ದಿನ ರಜೆ ಇತ್ತು, ಊರಿಗೆ ಹೋದೆ.

ಬಂದ ಮಾರನೇ ದಿನವೇ ದೇವರಮನೆ ಹತ್ತಿದ್ದು, ಶುದ್ಧ ಜಂಬಕ್ಕೆ. ನಮ್ಮ ಬೆಟ್ಟ ನೋಡಿರೋರಿಗೆ ಗೊತ್ತು, ಕಾಲಭೈರವೇಶ್ವರನ ದೇವಸ್ಥಾನದ ತನಕ ರಸ್ತೆ ಇದೆ, ಯಾರೂ ಬೆವರಬೇಕಾಗಿಲ್ಲ. ಶನಿವಾರ ಭಾನುವಾರ ಬೆಂಗಳೂರಿನ ಬೈಕು, ಜೀಪುಗಳು ಅಲ್ಲೇ ನಿಂತು ಮಂಜಿನ ಫೋಟೋ ತೆಗೆದು ವಾಪಸ್ ಹೋಗ್ತವೆ. (ಅವರನ್ನ ಆಡಿಕೊಳ್ಳೋ ಹಕ್ಕು ನನಗಿಲ್ಲ, ನನ್ನ ಗಾಡಿಯೂ ಬೆಂಗಳೂರು ನಂಬರಿನದ್ದೇ.) ದೇವಸ್ಥಾನದಿಂದ ಮೇಲಕ್ಕೆ ಹುಲ್ಲಿನ ಗುಡ್ಡ ಹತ್ತಬೇಕು. ಎರಡು ವರ್ಷದ ಹಿಂದೆ ನಾಲ್ಕು ಕಡೆ ಕೂತು ಸುಧಾರಿಸಿಕೊಂಡಿದ್ದ ಏರು ಅದು. ಈ ಸಲ ಒಂದೇ ಉಸಿರಿಗೆ ಹತ್ತಿ ತಿರುಗಿ ನೋಡಿದ್ರೆ, ಜೊತೆಗೆ ಬಂದಿದ್ದ ನನ್ನ ಹೈಸ್ಕೂಲ್ ಗೆಳೆಯ ಅರ್ಧ ದಾರಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ನಿಂತಿದ್ದ. ಸ್ಕೂಲಲ್ಲಿ ಅವನು ಕಡ್ಡಿ ಪೈಲ್ವಾನ್, ಓಟದಲ್ಲಿ ತಾಲೂಕಿಗೆ ಹೋದವನು. ಈಗ ಪಿಕಪ್ ಓಡಿಸ್ತಾನೆ. ಕಾಫಿ, ಮೆಣಸು, ಗೊಬ್ಬರ, ಸೀಸನ್ನಲ್ಲಿ ಕೂಲಿಯವರು. ನೂರರ ಹತ್ತಿರ ಇರ್ಬೇಕು.

ಅವನು ಮೇಲೆ ಬಂದು ಕೂತ ತಕ್ಷಣ ನಾನು ಭಾಷಣ ಶುರು ಮಾಡ್ದೆ. ಆಫೀಸಿನದ್ದರ ರಿಹರ್ಸಲ್ ಥರ. ಪರೋಟ ಬಿಡು, ರಾತ್ರಿ ಊಟ ಬೇಗ ಮಾಡು, ಬೆಳಿಗ್ಗೆ ಮೊಳಕೆ ಕಾಳು ತಿನ್ನು, ಮನಸ್ಸು ಗಟ್ಟಿ ಮಾಡ್ಬೇಕು ಅಷ್ಟೆ. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ ಅಂದ: 'ಅಲ್ಲ ಮಾರಾಯ, ನಾನು ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ತೆಗೆದ್ರೆ ಮನೆ ಸೇರೋದು ರಾತ್ರಿ ಹತ್ತೋ ಹನ್ನೊಂದೋ. ಮಧ್ಯ ಸಿಕ್ಕ ಕಡೆ ಊಟ. ನಿನ್ನ ಮೊಳಕೆ ಕಾಳು ಯಾವ ಹೋಟ್ಲಲ್ಲಿ ಸಿಗುತ್ತೆ ಹೇಳು, ನಾಳೆಯಿಂದ ಅಲ್ಲೇ ತಿಂತೀನಿ.'

ಕೋಪ ಮಾಡ್ಕೊಂಡು ಹೇಳಿದ್ದಲ್ಲ, ನಗ್ತಾನೇ ಹೇಳಿದ್ದು. ನನಗೆ ಉತ್ತರ ಬರ್ಲಿಲ್ಲ.

ಆದ್ರೆ ಆ ಪ್ರವಾಸದಲ್ಲಿ ನನ್ನನ್ನ ನಿಜಕ್ಕೂ ಅಲ್ಲಾಡಿಸಿದ್ದು ಬೆಟ್ಟದ ಮೇಲೆ ನಡೆದದ್ದಲ್ಲ, ಅಡುಗೆಮನೆಯಲ್ಲಿ ನಡೆದದ್ದು.

ನಾನು ಬರ್ತೀನಿ ಅಂದ್ರೆ ಅವ್ವ ಅಕ್ಕಿ ತರಿ ಮಾಡಿಸಿಟ್ಟಿರ್ತಾಳೆ. ಕಡುಬು, ಕೋಳಿ ಸಾರು. ಬೆಂಗಳೂರಿನವರಿಗೆ ಕಡುಬು ಅಂದ್ರೆ ಹೂರಣ ತುಂಬಿದ ಸಿಹಿ. ನಮ್ಮದು ತರಿಯನ್ನ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದ್ದು. ಮೊದಲೆಲ್ಲ ನಾನು ಐದಕ್ಕೆ ಕಮ್ಮಿ ತಿಂದವನಲ್ಲ. ಆ ರಾತ್ರಿ ಅವಳು ತಟ್ಟೆಗೆ ನಾಲ್ಕು ಹಾಕಿ ಸಾರು ಹುಯ್ದಳು. ನಾನು ಒಂದು ತಿಂದು, ಕೋಳಿ ತುಂಡು ಆರಿಸ್ಕೊಂಡು, ಸೌತೆಕಾಯಿ ಹೆಚ್ಚಿಸ್ಕೊಂಡು ಎದ್ದೆ. ಬೆಳಿಗ್ಗೆ ರೊಟ್ಟಿಯನ್ನಂತೂ ಮುಟ್ಟಿಯೇ ಇರಲಿಲ್ಲ, ಕಿಟಕಿ ತೆರೆದಿರಲಿಲ್ಲವಲ್ಲ.

ಅವ್ವ ತುಂಬ ಗಂಭೀರವಾಗಿ ಕೇಳಿದ್ಲು: 'ಯಾವ ದೇವ್ರಿಗೆ ಒಪ್ಪತ್ತು ಹಿಡ್ದಿದೀಯ ಮಗಾ?'

ನನಗೆ ನಗು ಬಂತು. ಹದಿನಾರು-ಎಂಟು ವಿವರಿಸಿದೆ. ಅವಳಿಗೆ ಉಪವಾಸ ಹೊಸದಲ್ಲ. ಅಪ್ಪನ ಕಾಲಿನ ಗಾಯ ವಾಸಿಯಾಗದೆ ಇದ್ದಾಗ ಕಾಲಭೈರವನಿಗೆ ಹರಕೆ ಹೊತ್ತು ಒಂದು ವರ್ಷ ಸೋಮವಾರ ಒಪ್ಪತ್ತು ಮಾಡಿದವಳು. ಅವಳ ಲೆಕ್ಕದಲ್ಲಿ ಒಪ್ಪತ್ತು ಅನ್ನೋದು ಯಾವಾಗ್ಲೂ ಇನ್ನೊಬ್ಬರಿಗೋಸ್ಕರ ಮಾಡೋದು. 'ಹಂಗಾದ್ರೆ ಯಾರಿಗೂ ಅಲ್ಲ' ಅಂದ್ಲು. ಇಲ್ಲವ್ವ, ನನಗೇ ಅಂದೆ.

ಹತ್ತು ಗಂಟೆಗೆ ನೀರು ಕುಡಿಯೋಕೆ ಎದ್ದಾಗ ಅಡುಗೆಮನೆಯಲ್ಲಿ ದೀಪ ಉರೀತಿತ್ತು. ಅವ್ವ ಒಲೆ ಪಕ್ಕ ನಿಂತ್ಕೊಂಡೇ ನಾನು ಬಿಟ್ಟ ಕಡುಬು ತಿಂತಿದ್ಲು. ಸಾರಲ್ಲಿ ನೆನೆದು ಒಡೆದುಹೋಗಿದ್ದ ಮೂರು ಕಡುಬು. ಅವಳ ಊಟ ಎಂಟಕ್ಕೇ ಮುಗಿದಿತ್ತು. ಅವಳಿಗೂ ಈಗ ಐದು ವರ್ಷದಿಂದ ಸಕ್ಕರೆ.

'ಎಂತ ಮಾಡ್ತಿದೀಯವ್ವ? ನಾಯಿಗೆ ಹಾಕೋಕಾಗಲ್ವ?'

'ಒಂದು ಹಾಕ್ದೆ. ಎಲ್ಲಾನೂ ನಾಯಿಗೆ ಹಾಕೋಕೆ ಮಾಡಿದ್ನಾ?'

ಹಿಂದಿನ ರಾತ್ರಿ, ಬೆಳಿಗ್ಗೆಯ ರೊಟ್ಟಿ, ಮಧ್ಯಾಹ್ನದ ಪಾಯಸ, ಎಲ್ಲ ಹೀಗೇ ಹೋಗಿದೆ ಅಂತ ನಿಧಾನಕ್ಕೆ ಗೊತ್ತಾಯ್ತು. ಮಾರನೇ ಬೆಳಿಗ್ಗೆ ಗ್ಲೂಕೋಮೀಟರ್‌ನಲ್ಲಿ ಅವಳ ಬೆರಳು ಚುಚ್ಚಿ ನೋಡಿದೆ. ಖಾಲಿ ಹೊಟ್ಟೆಯಲ್ಲಿ 212. ನನ್ನ ಆ್ಯಪ್ ಆ ದಿನ ನನಗೆ ಹಸಿರು ಟಿಕ್ ಕೊಟ್ಟಿತ್ತು. ನಾನು ಬಿಟ್ಟ ಕ್ಯಾಲೊರಿ ಎಲ್ಲಿಗೆ ಹೋಯ್ತು ಅಂತ ಅದು ಕೇಳೋದಿಲ್ಲ.

ಎಲ್ಲ ತಪ್ಪು ನನ್ನದೇ ಅಂತ ಎದೆ ಬಡ್ಕೊಳ್ಳೋದೂ ಒಂಥರ ಜಂಬವೇ, ಅದು ಬೇಡ. ಅವ್ವ ತಿನ್ನದೆ ಇರಬಹುದಿತ್ತು. ಆದ್ರೆ ಬರಗಾಲದ ಅಕ್ಕಿ, ರೇಷನ್ ಅಕ್ಕಿ ನೋಡಿ ಬೆಳೆದವಳ ಕೈ ಅನ್ನ ಚೆಲ್ಲೋದಿಲ್ಲ. ಅದು ಅವಳ ಡಿಸಿಪ್ಲಿನ್. ನನ್ನ ಡಿಸಿಪ್ಲಿನ್ನಿಗೂ ಅವಳ ಡಿಸಿಪ್ಲಿನ್ನಿಗೂ ಒಂದೇ ತಟ್ಟೆಯಲ್ಲಿ ಡಿಕ್ಕಿ ಆಯ್ತು, ಪೆಟ್ಟು ಬಿದ್ದಿದ್ದು ಅವಳಿಗೆ. ವಾಪಸ್ ಬೆಂಗಳೂರಿಗೆ ಬರುವಾಗ ಇದೇ ಯೋಚನೆ. ಮನೆಯಲ್ಲಿ ಹೆಂಡತಿ ಹನ್ನೊಂದು ತಿಂಗಳು ಎರಡೆರಡು ಥರ ಅಡುಗೆ ಮಾಡಿದ್ದು, ನನ್ನ ಏಳೂವರೆ ಊಟಕ್ಕೋಸ್ಕರ ತನ್ನ ಮೀಟಿಂಗ್‌ಗಳನ್ನ ಹಿಂದೆ ಮುಂದೆ ಮಾಡಿಕೊಂಡಿದ್ದು ಇವೆಲ್ಲ ನನ್ನ ಸ್ಲೈಡಿನಲ್ಲಿ ಎಲ್ಲಿದ್ದವು?

ಪ್ರಶ್ನೆ ನೇರವಾಗಿ ಇಷ್ಟೇ. ತೂಕ ಇಳಿಸೋದು ಒಂದು ಒಳ್ಳೇ ಗುಣವಾ? ದಪ್ಪ ಇರೋದು ದೋಷವಾ? ಬಾಯಿಬಿಟ್ಟು ಕೇಳಿದ್ರೆ ನಾವ್ಯಾರೂ ಹೌದು ಅನ್ನಲ್ಲ. ಆದ್ರೆ ನಡ್ಕೊಳ್ಳೋದು ಹಾಗೇ. ಇಂಟರ್‌ವ್ಯೂಗೆ ದಪ್ಪ ಹುಡುಗ ಬಂದ್ರೆ ಸೋಮಾರಿ ಇರಬಹುದು ಅಂತ ಒಂದು ಕ್ಷಣ ಅನಿಸುತ್ತೆ. ತೆಳ್ಳಗಾದ ನನಗೆ ಅದೇ ಆಫೀಸು ವೇದಿಕೆ ಕೊಟ್ಟಿತು.

ತೆಳ್ಳಗಿರೋದು ಪುಣ್ಯದ ಫಲ ಅನ್ನೋ ಹಾಗಿದ್ರೆ ನಮ್ಮಪ್ಪನಿಗೆ ಸಕ್ಕರೆ ಬರಬಾರದಿತ್ತು. ಮೂಟೆ ಹೊತ್ತ ಮೈ, 52 ಕೆ.ಜಿ. ದಾಟಿದವರಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಫೋಟೋ ಹಾಕಿದ್ರು. ಅವರು, ಪಕ್ಕದಲ್ಲಿ ಇಂಗ್ಲೆಂಡಿನ ಅವರ ಗೆಳೆಯ ಡಾ. ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಆದ್ರೆ ಮೈಯಲ್ಲಿರೋ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಹೊರಗಿಂದ ತೆಳ್ಳಗೆ, ಒಳಗೆ ಕೊಬ್ಬು. ನಮ್ಮಲ್ಲಿ ಹುಟ್ಟುವಾಗಲೇ ಕಮ್ಮಿ ತೂಕದ ಮಕ್ಕಳಲ್ಲೂ ಈ ಗುಣ ಇದೆ ಅಂತ ಅವರ ತಂಡ ತೋರಿಸಿದೆ. ಅಂದ್ರೆ ತಾಯಿ ಹೊಟ್ಟೆಯೊಳಗೆ ಇದ್ದಾಗಿನ ಕೊರತೆಯ ಲೆಕ್ಕವೂ ನಮ್ಮ ಸೊಂಟದಲ್ಲಿ ಬರ್ಕೊಂಡಿದೆ. ಅದಕ್ಕೇ ಭಾರತೀಯರಿಗೆ 23 ದಾಟಿದ್ರೇ ಜಾಸ್ತಿ ತೂಕ, 25ಕ್ಕೆ ಬೊಜ್ಜು ಅಂತ ನಮ್ಮ ವೈದ್ಯರು ಬೇರೆ ಗೆರೆ ಎಳೆದಿರೋದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇನ್ನೂ ಹಳೇ 25ರ ಗೆರೆಯಲ್ಲೇ ಲೆಕ್ಕ ಹಾಕಿದ್ರೂ ನೂರಕ್ಕೆ 24 ಹೆಂಗಸರದ್ದು ಜಾಸ್ತಿ ತೂಕ. ಅದೇ ಸಮೀಕ್ಷೆಯಲ್ಲಿ ಸುಮಾರು 19 ಹೆಂಗಸರದ್ದು ಇರಬೇಕಾದ್ದಕ್ಕಿಂತ ಕಮ್ಮಿ ತೂಕ. ಆ 19 ಜನರಿಗೆ ಯಾರೂ ಡಿಸಿಪ್ಲಿನ್ ಅಂತ ಶಭಾಷ್ ಹೇಳಲ್ಲ.

ಇಚ್ಛಾಶಕ್ತಿಯ ಬಗ್ಗೆ ಇನ್ನೊಂದು ವಿಷಯ ಓದಿದಾಗ ನನ್ನ ಸ್ಲೈಡ್ ನೆನಪಾಗಿ ನಾಚಿಕೆ ಆಯ್ತು. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಲ್ಲಿ, 1944-45ರಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ಮಾಡಿದ್ರು. ಯುದ್ಧದಲ್ಲಿ ಕೊಲ್ಲೋಕೆ ಒಪ್ಪದ 36 ಯುವಕರು ತಾವಾಗೇ ಮುಂದೆ ಬಂದ್ರು. 24 ವಾರ ಅರೆಹೊಟ್ಟೆ. ದಿನಕ್ಕೆ ಸುಮಾರು 1,570 ಕ್ಯಾಲೊರಿ, ವಾರಕ್ಕೆ 22 ಮೈಲಿ ನಡಿಗೆ. ತೂಕದ ಕಾಲು ಭಾಗ ಹೋಯ್ತು. ಜೊತೆಗೆ ಅವರು ಊಟ ಬಿಟ್ಟು ಬೇರೆ ಯೋಚಿಸೋದನ್ನೇ ನಿಲ್ಲಿಸಿದ್ರು. ಅಡುಗೆ ಪುಸ್ತಕಗಳನ್ನ ಕಾದಂಬರಿ ಥರ ಓದಿದ್ರು, ತಟ್ಟೆ ನೆಕ್ಕಿದ್ರು, ಮಂಕಾದ್ರು, ಸಿಡಿಮಿಡಿ ಆದ್ರು. ತತ್ವಕ್ಕೋಸ್ಕರ ಸರ್ಕಾರವನ್ನೇ ಎದುರು ಹಾಕ್ಕೊಂಡ ಜನ, ಅವರ ಮನಸ್ಸು ದುರ್ಬಲ ಅನ್ನೋಕಾಗುತ್ತಾ? ಅವರದ್ದು ತೆಳ್ಳಗಿನ ಮೈ, ನನ್ನದು ಕೊಬ್ಬು ದಾಸ್ತಾನಿದ್ದ ಮೈ, ಎರಡೂ ಒಂದೇ ಅಲ್ಲ. ಆದ್ರೂ ಆಗ ಉಪವಾಸದ ಪ್ರಯೋಗ ಅಂತ ಕರೆದಿದ್ದ ಅಂಕಿಯ ಹತ್ತಿರದ ಅಂಕಿಯನ್ನೇ ಇವತ್ತು ಆ್ಯಪ್ ನಗುಮುಖದ ಚಿತ್ರ ಹಾಕಿ ಕೊಡುತ್ತೆ. ಸೋತರೆ ನೀನೇ ಸೋತೆ ಅನ್ನುತ್ತೆ.

ಈಗ ಇಂಜೆಕ್ಷನ್ ಬಂದಿದೆ. 2025ರ ಮಾರ್ಚಲ್ಲಿ ಮೌಂಜಾರೊ, ಜೂನಲ್ಲಿ ವೆಗೋವಿ ಭಾರತಕ್ಕೆ ಬಂದ್ವು. ನಮ್ಮ ಟೀಮಿನ ಒಬ್ಬರು ಡಾಕ್ಟರ ಸಲಹೆ ಮೇಲೆ ತಗೊಂಡ್ರು. ಅವರಿಗೆ ಸಕ್ಕರೆ ಇತ್ತು. ತಿಂಗಳುಗಳಲ್ಲಿ ಹನ್ನೆರಡು ಕೆ.ಜಿ. ಇಳಿದ್ರು. 'ಅದು ಮೋಸ ಬಿಡು' ಅಂದ್ರು ಕ್ಯಾಂಟೀನಲ್ಲಿ. ಮೊದಲು ನನಗೂ ಹಾಗೇ ಅನಿಸ್ತು, ಒಪ್ಕೋತೀನಿ. ನಾನು ಹನ್ನೊಂದು ತಿಂಗಳು ಒದ್ದಾಡಿದ್ದನ್ನ ಇವರು ವಾರಕ್ಕೊಂದು ಸೂಜಿಯಲ್ಲಿ ಮುಗಿಸಿದ್ರಲ್ಲ. ಆಮೇಲೆ ಅವರನ್ನೇ ಕೇಳಿದೆ, ಹೇಗಿರುತ್ತೆ ಅಂತ. 'ತಲೆಯೊಳಗೆ ಯಾರೋ ಸದಾ ತಿಂಡಿ ತಿಂಡಿ ಅಂತಿದ್ರು. ಸುಮ್ಮನಾದ್ರು' ಅಂದ್ರು. ಅವರ ತಲೆಯೊಳಗೆ ಆ ಸದ್ದು ನನಗಿಂತ ಜೋರಾಗಿತ್ತು ಅಂತಾದ್ರೆ, ಅದನ್ನ ಕಡಿಮೆ ಮಾಡಿಕೊಂಡಿದ್ದು ಯಾರಿಗೆ ಮೋಸ? ಅರಿಸ್ಟಾಟಲ್ ಒಂದು ಭೇದ ಮಾಡ್ತಾನೆ. ಆಸೆ ಎಳೀತಿದ್ರೂ ತಡೆದು ನಿಲ್ಲೋನು ಒಬ್ಬ. ಅಭ್ಯಾಸದಿಂದ ಆಸೆಯನ್ನೇ ಪಳಗಿಸಿ, ಒದ್ದಾಟವೇ ಇಲ್ಲದವನು ಇನ್ನೊಬ್ಬ. ಅವನ ಪ್ರಕಾರ ಎರಡನೆಯವನೇ ಮೇಲು. ಆ ಲೆಕ್ಕದಲ್ಲಿ ಸೂಜಿ ಚುಚ್ಚಿಸ್ಕೊಂಡವರು ರಾತ್ರೋರಾತ್ರಿ ನನಗಿಂತ ಮೇಲಿನ ಮೆಟ್ಟಿಲು ಹತ್ತಿಬಿಟ್ರು. ಅಭ್ಯಾಸ ಇಲ್ಲದೆ ಬಂದದ್ದು ಗುಣ ಹೇಗಾಗುತ್ತೆ ಅಂತ ಅರಿಸ್ಟಾಟಲ್ ತಕರಾರು ತೆಗೀತಾನೆ, ನ್ಯಾಯವೇ. ಆದ್ರೆ ಆಗ ನನ್ನ ಪ್ರಶ್ನೆ: ಲಿವರಿನ ಕೊಬ್ಬು ಕರಗೋದು ಗುಣದ ಪರೀಕ್ಷೆ ಅಂತ ನಮಗೆ ಹೇಳಿದ್ದು ಯಾರು? ಔಷಧಿಗೂ ಅದರದ್ದೇ ತೊಂದರೆಗಳಿವೆ. ಬಿಟ್ಟರೆ ಇಳಿದ ತೂಕದ ಹೆಚ್ಚಿನ ಪಾಲು ಸಾಮಾನ್ಯವಾಗಿ ವಾಪಸ್ ಬರುತ್ತೆ. ಅದು ಡಾಕ್ಟರ ಹತ್ತಿರ ಮಾತಾಡಬೇಕಾದ್ದು.

ಭಾಷಣ ಏನಾಯ್ತು ಅಂತ ಕೇಳಬಹುದು. ಕೊಟ್ಟೆ. ಮೊದಲ ಸ್ಲೈಡ್ ತೆಗೆದುಹಾಕೋ ಧೈರ್ಯ ಇರಲಿಲ್ಲ, ಚಪ್ಪಾಳೆ ಬಂತು. ಆಮೇಲಿನ ಒಂದೂವರೆ ವರ್ಷದಲ್ಲಿ ಮಗಳು ಹುಟ್ಟಿದ್ಲು, ಪ್ರಾಜೆಕ್ಟ್ ಬದಲಾಯ್ತು, ರಾತ್ರಿ ಹತ್ತೂವರೆಗೆ ಅಮೆರಿಕದವರ ಜೊತೆ ಕಾಲ್. 78 ಇದ್ದದ್ದು 85 ಆಯ್ತು. ಅದೇ ನಾನು, ಅದೇ ಮನಸ್ಸು. ಲಿಫ್ಟಲ್ಲಿ ಮಾತಾಡಿಸೋರು ಕಮ್ಮಿ ಆದ್ರು. ಅಮೆರಿಕದ 'ಬಿಗ್ಗೆಸ್ಟ್ ಲೂಸರ್' ಟಿವಿ ಸ್ಪರ್ಧೆಯಲ್ಲಿ ರಾಶಿ ರಾಶಿ ತೂಕ ಇಳಿಸಿದ 14 ಜನರನ್ನ ಆರು ವರ್ಷ ಆದ್ಮೇಲೆ ಪರೀಕ್ಷೆ ಮಾಡಿದ್ರೆ, ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡೋ ಶಕ್ತಿ ಇರಬೇಕಾದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಮ್ಮಿ ಇತ್ತು ಅಂತ 2016ರಲ್ಲಿ ಕೆವಿನ್ ಹಾಲ್ ತಂಡ ಬರೆದದ್ದು ನೆನಪು ಮಾಡ್ಕೊಂಡು ಸಮಾಧಾನ ಪಟ್ಟೆ. ಪೂರ್ತಿ ಸಮಾಧಾನ ಆಗಲಿಲ್ಲ. ಯಾಕಂದ್ರೆ ಕಾಲ್ ಮುಗಿದ ಮೇಲೆ ಫ್ರಿಜ್ ಬಾಗಿಲು ತೆಗೆದದ್ದು ನನ್ನದೇ ಕೈ. ಅದು ಅಮೆರಿಕದವರದ್ದಲ್ಲ.

ಇಲ್ಲೇ ಕಷ್ಟ ಇರೋದು. ಎಲ್ಲ ಅದೃಷ್ಟ, ಎಲ್ಲ ಪರಿಸ್ಥಿತಿ ಅಂದ್ಬಿಟ್ರೆ ಕೈಚೆಲ್ಲಿ ಕೂರಬಹುದು. ಎಲ್ಲ ನಿನ್ನ ಕೈಯಲ್ಲೇ ಇದೆ ಅಂದ್ರೆ ಪಿಕಪ್ ಓಡಿಸೋ ಗೆಳೆಯನಿಗೆ ಅನ್ಯಾಯ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಅನ್ನೋ ಇಬ್ಬರು ತತ್ವಜ್ಞಾನಿಗಳು ಇದಕ್ಕೆ 'ನೈತಿಕ ಅದೃಷ್ಟ' ಅಂತ ಹೆಸರಿಟ್ಟು ಚರ್ಚೆ ಮಾಡಿದ್ರು. ನಮ್ಮ ಕೈಯಲ್ಲಿಲ್ಲದ ಸಂಗತಿಗಳಿಗೂ ನಾವು ಒಬ್ಬರನ್ನೊಬ್ಬರು ಹೊಗಳ್ತೀವಿ, ತೆಗಳ್ತೀವಿ, ಅದನ್ನ ಬಿಡೋಕೂ ಆಗಲ್ಲ ಅನ್ನೋ ಗಂಟು ಅದು. ಅವರ ಬರಹ ಓದಿದಾಗ ನನಗೆ ನೆನಪಾಗಿದ್ದು ಹೂಮಳೆ.

ಕಾಫಿ ಕಡೆಯವರಿಗೆ ಗೊತ್ತು. ಫೆಬ್ರವರಿ-ಮಾರ್ಚಿನಲ್ಲಿ ಸರಿಯಾಗಿ ಒಂದು ಮಳೆ ಬೀಳಬೇಕು. ಬಿದ್ದ ಕೆಲವೇ ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆ ಥರ ಪರಿಮಳ. ಮಳೆ ತಪ್ಪಿದ್ರೆ ರೊಬಸ್ಟಾ ಫಸಲು ಹೋಯ್ತು. ದುಡ್ಡಿರೋರು, ಕೆರೆ ಇರೋರು ಮೋಟಾರ್ ಹಚ್ಚಿ ಸ್ಪ್ರಿಂಕ್ಲರ್‌ನಲ್ಲಿ ಮಳೆ ತರಿಸ್ಕೋತಾರೆ. ನಮ್ಮಂಥ ಮೂರು ಎಕರೆಯವರು ಆಕಾಶ ನೋಡ್ತಾರೆ. ಅಪ್ಪ ಒಳ್ಳೇ ಫಸಲು ಬಂದ ವರ್ಷ ಯಾರಾದ್ರೂ ಹೊಗಳಿದ್ರೆ 'ಮಳೆ ಆಯ್ತು' ಅಂತಿದ್ರು, ಅಷ್ಟೇ. ಅದು ವಿನಯ ಅಲ್ಲ, ಲೆಕ್ಕ. ಆದ್ರೆ ಅದೇ ಅಪ್ಪ, ಕಳೆ ಹೊಡೆಯದೆ, ಚಿಗುರು ತೆಗೆಯದೆ, ಮರಗಸಿ ಮಾಡಿಸದೆ ಕಾಡು ಬಿಟ್ಟ ತೋಟ ನೋಡಿದ್ರೆ 'ಹಾಳು ಬಿಟ್ಟಿದಾನೆ' ಅಂತ ಮುಖ ಸಿಂಡರಿಸ್ತಿದ್ರು. ಫಸಲಿಗೆ ಜಂಬ ಇಲ್ಲ, ಹಾಳು ಬಿಡೋದಕ್ಕೆ ಮಾಫಿಯೂ ಇಲ್ಲ. ಕಳೆಯನ್ನ ಒಂದು ಸಲ ಗೆದ್ದೆ ಅಂತ ಯಾರೂ ಹೇಳಲ್ಲ, ಮುಂದಿನ ಮಳೆಗೆ ಮತ್ತೆ ಬರುತ್ತೆ.

ನನ್ನ ಆ ಹದಿನಾರು ಕೆ.ಜಿ. ಸ್ಪ್ರಿಂಕ್ಲರ್ ಫಸಲು. ಆಫೀಸಿನ ಜಿಮ್ಮು, ಹೆಂಡತಿಯ ಎರಡು ಥರ ಅಡುಗೆ, ಮೊಟ್ಟೆ-ಪನೀರಿಗೆ ದುಡ್ಡು, ಸಂಜೆ ಏಳೂವರೆಗೆ ಖಾಲಿ ಇದ್ದ ಕ್ಯಾಲೆಂಡರ್. ನೀರು ಹಾಯಿಸಿದ್ದು ನಾನೇ, ಕೆರೆ ತೋಡಿದ್ದು ನಾನಲ್ಲ. ಗೆಳೆಯನ ತೋಟ ಹಾಳು ಬಿದ್ದಿದೆಯೋ ಮಳೆ ಬಂದಿಲ್ಲವೋ ಅನ್ನೋದು ಬೇಲಿ ಆಚೆ ನಿಂತ ನನಗೆ ಕಾಣೋದಿಲ್ಲ. ಮನುಷ್ಯರ ಮೈ ಆ ವಿಷಯದಲ್ಲಿ ಕಾಫಿ ತೋಟಕ್ಕಿಂತ ಮುಚ್ಚುಮರೆಯದ್ದು. ಹಾಳು ಬಿಟ್ಟಿದೀನಾ ಅಂತ ನನ್ನ ಬೇಲಿಯೊಳಗೆ ನಾನು ಕೇಳ್ಕೋಬಹುದು, ಕೇಳ್ಕೋಲೇಬೇಕು. 85ರಲ್ಲಿ ಎರಡು ಮೂರು ಕೆ.ಜಿ. ಮಾತ್ರ ಮಳೆ ಬರದೆ ಏರಿದ್ದು. ಮಿಕ್ಕಿದ್ದು ಕಳೆ. ಅದು ನನಗೆ ಗೊತ್ತು.

ಈಗ ಜಿಮ್ಮಿಲ್ಲ. ಮಗಳನ್ನ ಎತ್ತಿಕೊಂಡು ಮಹಡಿ ಹತ್ತಿ ಇಳೀತೀನಿ, ಬೆಳಿಗ್ಗೆ ಅರ್ಧ ಗಂಟೆ ನಡೀತೀನಿ, ಅನ್ನ ಮತ್ತೆ ಅರ್ಧಕ್ಕೆ ಬಂದಿದೆ. ಮನೆಯಲ್ಲಿ ಈಗ ಒಂದೇ ಅಡುಗೆ. ವಾರದಲ್ಲಿ ನಾಲ್ಕು ದಿನ ನಾನೇ ಮಾಡ್ತೀನಿ, ಹಾಗೆ ಮಾಡೋಕೆ ಶುರು ಮಾಡಿದ ಮೇಲೆ ರಾತ್ರಿ ಫ್ರಿಜ್ ತೆಗೆಯೋದು ಕಮ್ಮಿ ಆಗಿದೆ, ಯಾಕೆ ಅಂತ ಗೊತ್ತಿಲ್ಲ. 83ರ ಹತ್ತಿರ ಇದೀನಿ. ಗೆಳೆಯನಿಗೆ ಉಪದೇಶ ನಿಲ್ಲಿಸಿದೀನಿ. ಹೋದ ಸಲ ಅವನೇ ಸಕ್ಕರೆ ಚೆಕ್ ಮಾಡಿಸ್ಬೇಕು ಕಣೋ ಅಂದ, ಜೊತೆಗೆ ಮೂಡಿಗೆರೆಗೆ ಹೋಗಿ ಬಂದ್ವಿ.

ಅವ್ವನ ಹತ್ತಿರ ಒಂದು ಒಪ್ಪಂದ ಮಾಡ್ಕೊಂಡೆ. ಎಷ್ಟು ಕಡುಬು ಅಂತ ಮೊದಲೇ ಹೇಳ್ತೀನಿ, ಅಷ್ಟೇ ಮಾಡು. ತಟ್ಟೆಗೆ ಬಿದ್ದದ್ದನ್ನ ಬಿಡಲ್ಲ. ನೀನು ಮಿಕ್ಕಿದ್ದನ್ನ ತಿನ್ನೋ ಹಾಗಿಲ್ಲ. ನನಗೆ ಎರಡು, ನಿನಗೆ ಎರಡು. ಅವಳು ಹೂಂ ಅಂದ್ಲು. ದಿನಾ ರಾತ್ರಿ ಫೋನಲ್ಲಿ ಅವಳ ಸಕ್ಕರೆಯ ನಂಬರ್ ಹೇಳ್ತಾಳೆ, ನನ್ನ ತೂಕ ಕೇಳ್ತಾಳೆ. ಇಬ್ಬರೂ ಒಂದೊಂದು ಸಲ ಸ್ವಲ್ಪ ಸುಳ್ಳು ಹೇಳ್ತೀವಿ ಅನ್ನೋ ಅನುಮಾನ ಇಬ್ಬರಿಗೂ ಇದೆ.

ಹೋದ ತಿಂಗಳು ಊರಿಗೆ ಹೋದಾಗ ತಟ್ಟೆಯಲ್ಲಿ ನಾಲ್ಕು ಕಡುಬು ಇದ್ವು. ನಾನು ಅವಳ ಮುಖ ನೋಡ್ದೆ.

'ಎರಡರ ಹಿಟ್ಟಲ್ಲೇ ನಾಲ್ಕು ಕಟ್ಟಿದೀನಿ' ಅಂದ್ಲು ಅವ್ವ, ಸಾರು ಹುಯ್ತಾ. 'ಎಣ್ಸೋದು ಬಿಟ್ಟು ತಿನ್ನು.'